ಒಂದು ರಾತ್ರಿಯ ಸೂಟು

ವಿಯೆಟ್ನಾಂ ಪ್ರವಾಸ ಮುಗಿಸಿ ಬಂದವರ ಬರಹಗಳಲ್ಲಿ ಹೊಯಿ ಆನ್‌ ದರ್ಜಿಗಳ ಹೊಗಳಿಕೆ ತಪ್ಪುವುದಿಲ್ಲ. ಬೆಳಿಗ್ಗೆ ಅಳತೆ, ಸಂಜೆ ಟ್ರಯಲ್, ಮರುದಿನ ಸೂಟು ಕೈಯಲ್ಲಿ. ಬೆಲೆಯೋ, ಲಂಡನ್ನಿನ ಸೂಟಿಗೆ ಹೋಲಿಸಿದರೆ ಏನೇನೂ ಅಲ್ಲ. ಬರೆದವರು ಪ್ರಾಮಾಣಿಕರೇ. ಕನ್ನಡಿಯ ಮುಂದೆ ನಿಂತಾಗ ಆದ ಖುಷಿಯೂ ನಿಜವೇ. ಆದರೆ ಕೋಟಿನ ಭುಜ ಹೇಗೆ ಕೂತಿತ್ತು, ಕೈ ಎತ್ತಿದಾಗ ಕಾಲರ್ ಏನಾಯಿತು ಎಂದು ಕೇಳಿದ ಒಂದು ಬರಹವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೊಯಿ ಆನ್‌ ಸೂಟಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಆರ್ಮ್‌ಹೋಲ್ ಒಂದನ್ನೇ ಹಿಡಿದು ತೋರಿಸಬಹುದು.

ಊರಿನ ಪರಿಚಯ ಹೊಸದಾಗಿ ಬೇಕಿಲ್ಲ: ಥು ಬೊನ್ ನದಿ, ರೇಷ್ಮೆ ಪಿಂಗಾಣಿ ಸಾಗಿದ ಹಳೆಯ ಬಂದರು, 1999ರಲ್ಲಿ ಯುನೆಸ್ಕೊ ಪಟ್ಟಿ, ಅದರ ಬೆನ್ನಿಗೆ ಪ್ರವಾಸಿಗರು, ಅವರಿಗಾಗಿ ನೂರಾರು ಹೊಲಿಗೆ ಅಂಗಡಿಗಳು. ಒಂದು ದಿನದ ಸೂಟು ಮಾತ್ರ ಇಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಹೆಸರು ಬಂದದ್ದು ಹಾಂಗ್‌ಕಾಂಗ್‌ನಲ್ಲಿ. ವಿದೇಶಿಯರಿಗೆ ಹೊಲಿದು ಪಳಗಿದ, ‘ಹೊಂಗ್‌ಬಾಂಗ್’ ಎಂದು ಹೆಸರಾದ ಚೀನಾದ ನಿಂಗ್ಬೊ ಮೂಲದ ದರ್ಜಿಗಳಲ್ಲಿ ಅನೇಕರು 1949ರ ಆಚೀಚೆ ಶಾಂಘೈ ಬಿಟ್ಟು ಅಲ್ಲಿಗೆ ಬಂದರು. ಕೊರಿಯಾ, ವಿಯೆಟ್ನಾಂ ಯುದ್ಧಗಳ ಕಾಲದಲ್ಲಿ ರಜೆಗೆ ಬಂದಿಳಿದ ಅಮೆರಿಕದ ಸೈನಿಕರ ಕೈಯಲ್ಲಿ ದುಡ್ಡಿತ್ತು, ದಿನಗಳಿರಲಿಲ್ಲ. 24 ಗಂಟೆಯ ಸೂಟಿಗೆ ಬೇಡಿಕೆ ಹುಟ್ಟಿದ್ದು ಹಾಗೆ. ಹಾಂಗ್‌ಕಾಂಗ್‌ನದೇ ಚಿಮ್ ಷಾ ತ್ಸುಯಿಯ ಸಿಂಧಿ ಅಂಗಡಿಗಳು, ಬ್ಯಾಂಕಾಕಿನ ಸುಖುಮ್ವಿತ್ ರಸ್ತೆಯ ಪಂಜಾಬಿ ಅಂಗಡಿಗಳು ಇದೇ ವ್ಯಾಪಾರದಲ್ಲಿ ಬೆಳೆದವು. ಹೊಯಿ ಆನ್ ಆ ಸಾಲಿಗೆ ತಡವಾಗಿ ಸೇರಿದ ಊರು. ಒಂದು ಮಾತನ್ನು ಮಾತ್ರ ಮರೆಯಬಾರದು. ಆ ಶಾಂಘೈ ದರ್ಜಿಗಳು ಊರಿನಲ್ಲೇ ಇದ್ದ ಗಿರಾಕಿಗೆ ವಾರಗಟ್ಟಲೆ ಸಮಯ ಹಿಡಿದು, ಮೇಲಿಂದ ಮೇಲೆ ಟ್ರಯಲ್ ನೋಡಿ ಹೊಲಿಯುತ್ತಿದ್ದರು. ಅವರಿಗೆ ಎರಡೂ ಬಗೆ ಗೊತ್ತಿತ್ತು. ಪ್ರವಾಸಿ ಊರುಗಳು ಅವರಿಂದ ಕಲಿತದ್ದು ಅವಸರದ ಬಗೆಯನ್ನು.

ಆರ್ಮ್‌ಹೋಲ್ ಎಂದರೆ ಕೋಟಿನ ಮೈಗೆ ತೋಳು ಕೂಡುವ ಸುತ್ತು. ಈ ಸುತ್ತು ಚಿಕ್ಕದಾಗಿ ಕಂಕುಳಿಗೆ ಹತ್ತಿರವಿದ್ದಷ್ಟೂ ಕೈ ಸಲೀಸಾಗಿ ಆಡುತ್ತದೆ. ಹೊಲಿಗೆ ಅರಿಯದವರಿಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ದೊಡ್ಡದಿದ್ದರೆ ಆರಾಮ ಎಂದೇ ಎಲ್ಲರ ಎಣಿಕೆ. ಆದರೆ ಸುತ್ತು ಕೆಳಗಿಳಿದ ಕೋಟಿನಲ್ಲಿ ತೋಳಿನ ಬುಡ ಪಕ್ಕೆಗೆ ಅಂಟಿಕೊಂಡಿರುತ್ತದೆ. ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದರೆ ಇಡೀ ಕೋಟು ಜೊತೆಗೆ ಏಳುತ್ತದೆ, ಕಾಲರ್ ಕತ್ತು ಬಿಟ್ಟು ಸರಿಯುತ್ತದೆ, ಕೈ ಇಳಿಸಿದ ಮೇಲೆ ಕೋಟನ್ನು ಕೈಯಿಂದಲೇ ಎಳೆದು ಸರಿಮಾಡಿಕೊಳ್ಳಬೇಕು. ಮದುವೆ ಮನೆಗಳಲ್ಲಿ ಮದುಮಗ ಮತ್ತೆ ಮತ್ತೆ ಕೋಟಿನ ಮುಂಭಾಗ ಹಿಡಿದು ಜಗ್ಗಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ.

ಸರಿಯಾದ ಸುತ್ತನ್ನು ಟೇಪು ಹೇಳಲಾರದು. ಎದೆಯ ಅಳತೆ ಎಷ್ಟು ಎಂದಷ್ಟೇ ಅದಕ್ಕೆ ಗೊತ್ತು. ಬಲಭುಜ ಎಡಕ್ಕಿಂತ ಬೆರಳಗಲ ಇಳಿದಿದೆಯೇ, ನಿಂತಾಗ ಕೈ ಪಕ್ಕಕ್ಕೆ ತೂಗುತ್ತದೆಯೇ ಮುಂದಕ್ಕೆ ಬಾಗುತ್ತದೆಯೇ, ಮೇಜಿನ ಕೆಲಸದಿಂದ ಬೆನ್ನು ಎಲ್ಲಿ ಗುಂಡಾಗಿದೆ, ಇವೆಲ್ಲ ಬಟ್ಟೆ ಮೈಮೇಲೆ ಬಿದ್ದಾಗಲೇ ತಿಳಿಯಬೇಕು. ಕಚ್ಚಾ ಹೊಲಿಗೆಯ ಟ್ರಯಲ್ ಇರುವುದು ಅದಕ್ಕೆ. ಜೇಬಿಲ್ಲ, ಲೈನಿಂಗಿಲ್ಲ, ಬಿಳಿ ದಾರದ ಉದ್ದುದ್ದ ಹೊಲಿಗೆಯಲ್ಲಿ ಕೋಟು ಸುಮ್ಮನೆ ನಿಂತಿರುತ್ತದೆ. ಬಟ್ಟೆ ಕತ್ತರಿಸುವ ಕಟರ್ ಗಿರಾಕಿಯ ಮೈಮೇಲೆಯೇ ತೋಳು ಬಿಚ್ಚಿ, ಕೈ ತೂಗುವ ದಿಕ್ಕಿಗೆ ತಿರುಗಿಸಿ, ಪಿನ್ನು ಹಾಕಿ, ಚಾಕಿನಿಂದ ಗೆರೆ ಎಳೆಯುತ್ತಾನೆ. ಆಮೇಲೆ ದಾರ ಕಿತ್ತು, ಕೋಟನ್ನು ಮತ್ತೆ ಬಿಡಿ ತುಂಡುಗಳಾಗಿ ಮೇಜಿನ ಮೇಲೆ ಹರಡಿ, ಆ ಗೆರೆಗೆ ಸರಿಯಾಗಿ ತಿದ್ದಿ ಕತ್ತರಿಸುತ್ತಾನೆ.

ಈಗ ನಿರ್ಣಾಯಕವಾದ ಸಂಗತಿಗೆ ಬರೋಣ. ಆರ್ಮ್‌ಹೋಲನ್ನು ಆಮೇಲೆ ಕೆಳಗಿಳಿಸಬಹುದು, ಮೇಲೇರಿಸಲಾಗದು. ಕತ್ತರಿಸಿ ತೆಗೆದ ಬಟ್ಟೆ ಮರಳುವುದಿಲ್ಲ. ಸಮಯವಿರುವ ಕಟರ್ ಅದಕ್ಕೇ ಮೊದಲು ಬಿಗಿಯಾಗಿ ಕತ್ತರಿಸಿ, ಗಿರಾಕಿ ಕಂಕುಳಲ್ಲಿ ಒತ್ತುತ್ತದೆ ಎಂದಾಗ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋಗುತ್ತಾನೆ. ನಾಳೆ ವಿಮಾನ ಹತ್ತುವ ಗಿರಾಕಿಗೆ ಹೊಲಿಯುವವನಿಗೆ ಈ ದಾರಿ ಮುಚ್ಚಿದೆ. ಬಿಗಿ ಎಂಬ ದೂರು ಬಂದರೆ ಲೈನಿಂಗ್, ತೋಳು ಎಲ್ಲ ಬಿಚ್ಚಬೇಕು. ಅದಕ್ಕೆ ಇನ್ನೊಂದು ರಾತ್ರಿ ಉಳಿದಿಲ್ಲ. ಆದ್ದರಿಂದ ಆತ ಮೊದಲ ಕತ್ತರಿಯಲ್ಲೇ ಸುತ್ತನ್ನು ಆಳವಾಗಿ ಅಗಲವಾಗಿ ತೆಗೆದುಬಿಡುತ್ತಾನೆ. ಯಾರ ಕೈಯಾದರೂ ಒಳಗೆ ಹೋಗುತ್ತದೆ, ಯಾರೂ ದೂರುವುದಿಲ್ಲ. ಇದು ತಿಳಿಯದೆ ಮಾಡಿದ ತಪ್ಪಲ್ಲ. ಅವನ ಸ್ಥಿತಿಯಲ್ಲಿ ಬೇರೆ ಜಾಣತನವೇ ಇಲ್ಲ. ಯಾರೆಂದೇ ತಿಳಿಯದವರಿಗೆ ರೆಡಿಮೇಡ್ ಕೋಟು ಹೊಲಿಯುವ ಕಾರ್ಖಾನೆಯೂ ಇದೇ ಲೆಕ್ಕ ಹಾಕುತ್ತದೆ. ಅಳತೆ ಕೊಟ್ಟು ಹೊಲಿಸಿದ ಸೂಟು, ಅಳತೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲೇ, ರೆಡಿಮೇಡ್ ಆಗಿ ಕೈಸೇರುತ್ತದೆ.

ಅಂಗಡಿಯಲ್ಲಿ ಟ್ರಯಲ್ ನಡೆಯುತ್ತದಲ್ಲ ಎನ್ನಬಹುದು. ನಡೆಯುತ್ತದೆ, ಎರಡು ಸಲವೂ ನಡೆಯುತ್ತದೆ. ಆದರೆ ಆಗ ಗಿರಾಕಿಯ ಮುಂದೆ ಬರುವ ಕೋಟಿಗೆ ಸಾಮಾನ್ಯವಾಗಿ ಜೇಬು, ಲೈನಿಂಗ್, ಕಾಲರ್ ಎಲ್ಲ ಮುಗಿದಿರುತ್ತದೆ. ಉಳಿದಿರುವ ತಿದ್ದುಪಡಿ ಪಕ್ಕೆ ಹಿಡಿಯುವುದು, ತೋಳಿನ ಉದ್ದ ಕಡಿಮೆ ಮಾಡುವುದು, ಪ್ಯಾಂಟಿನ ಸೊಂಟ ಸರಿಪಡಿಸುವುದು, ಇಷ್ಟೇ. ಪಕ್ಕೆ ಹಿಡಿದಾಗ ಕನ್ನಡಿಯಲ್ಲಿ ಸೊಂಟ ಎದ್ದು ಕಾಣುತ್ತದೆ, ಗಿರಾಕಿಗೆ ಸಂತೋಷವಾಗುತ್ತದೆ. ಆದರೆ ಕೆಳಗಿಳಿದ ಆರ್ಮ್‌ಹೋಲಿನ ಕೋಟಿನಲ್ಲಿ ಪಕ್ಕೆ ಬಿಗಿಯಾದಷ್ಟೂ ತೋಳಿನ ಎಳೆತ ಹೆಚ್ಚುತ್ತದೆ. ನಿಂತಾಗ ಚೆಂದ ಕಂಡದ್ದು ಕುರ್ಚಿಯಲ್ಲಿ ಕೂತು ಊಟಕ್ಕೆ ಕೈ ಚಾಚಿದಾಗ ಕೈಕೊಡುತ್ತದೆ.

ತೋಳು ಕೂರಿಸುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೋಳಿನ ಮೇಲಂಚು ಆರ್ಮ್‌ಹೋಲಿಗಿಂತ ಕೆಲವು ಸೆಂಟಿಮೀಟರ್ ಉದ್ದವಿರುತ್ತದೆ. ಆ ಹೆಚ್ಚುವರಿಯನ್ನು ನೆರಿಗೆ ಬೀಳದಂತೆ ಒಳಗೆ ಅಡಗಿಸಬೇಕು. ಉಣ್ಣೆ ಇದಕ್ಕೆ ಒಗ್ಗುತ್ತದೆ. ಹಬೆಗೆ ಕುಗ್ಗಿ ಹಿಗ್ಗಿ, ತಣಿದ ಮೇಲೆ ಆ ಆಕಾರದಲ್ಲೇ ನಿಲ್ಲುತ್ತದೆ. ಪಾಲಿಯೆಸ್ಟರ್ ಬೆರೆತಷ್ಟೂ ಈ ಗುಣ ಕಡಿಮೆ. ಹಾಗಾಗಿ ಬಟ್ಟೆಯ ಪ್ರಶ್ನೆಯೂ ಭುಜಕ್ಕೇ ಬಂದು ನಿಲ್ಲುತ್ತದೆ. ಅಂಗಡಿಯವರು ಲೈಟರ್ ಹಚ್ಚಿ ಒಂದು ಎಳೆ ಸುಟ್ಟು ತೋರಿಸುವುದುಂಟು: ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪರೀಕ್ಷೆ ಸರಿಯಾದದ್ದೇ. ಆದರೆ ಸುಟ್ಟದ್ದು ಸ್ಯಾಂಪಲ್ಲಿನ ಎಳೆ. ರಾತ್ರಿ ಕತ್ತರಿಗೆ ಸಿಗುವ ಥಾನಿಗೆ ಅದು ಸಾಕ್ಷಿ ಹೇಳದು. ‘ಸೂಪರ್ 150’ ಎಂಬ ಪಟ್ಟಿಯ ಕಥೆಯೂ ಹಾಗೆಯೇ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಆ ಹೆಸರಿಗೆ ಉಣ್ಣೆಯ ಎಳೆ ಸರಾಸರಿ 16.25 ಮೈಕ್ರಾನ್ ಮೀರಬಾರದು, ಸೂಪರ್ 100ಕ್ಕೆ 18.75. ಕೌಂಟರಿನಲ್ಲಿ ನಿಂತ ಪ್ರವಾಸಿ ಇದನ್ನು ಅಳೆಯುವ ಬಗೆಯಿಲ್ಲ. ಪಟ್ಟಿ ನಿಜವಾಗಿದ್ದರೂ ಅಷ್ಟು ನವಿರಾದ ಬಟ್ಟೆ ಬೇಗ ಸುಕ್ಕಾಗುತ್ತದೆ, ಬೇಗ ಸವೆಯುತ್ತದೆ. ಒಂದೇ ಸೂಟು ಇಟ್ಟುಕೊಳ್ಳುವವರಿಗೆ ಅದು ಒಳ್ಳೆಯ ಆಯ್ಕೆಯಲ್ಲ.

ಹೊಯಿ ಆನ್ ಸೂಟಿನ ಪರ ವಾದಿಸುವವರದ್ದು ಮುಖ್ಯವಾಗಿ ಎರಡು ಮಾತು. ಮೊದಲನೆಯದು ಬೆಲೆ. ಲಂಡನ್ನಿನ ದರ್ಜಿಬೀದಿ ಸಾವಿಲ್ ರೋನಲ್ಲಿ ಸಾವಿರಾರು ಪೌಂಡ್ ತೆತ್ತು ತಿಂಗಳುಗಟ್ಟಲೆ ಕಾಯಬೇಕು, ಇಲ್ಲಿ ಅದರ ಚೂರು ಸಾಕು ಎಂಬ ಹೋಲಿಕೆ. ಇದು ಯಾರಿಗೆ ಸಲ್ಲುವ ಹೋಲಿಕೆ? ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಹೋದವರು ಲಂಡನ್ನಿನಲ್ಲಿ ಸೂಟು ಹೊಲಿಸುವವರೇ ಅಲ್ಲ. ಅವರ ಮುಂದಿರುವ ನಿಜವಾದ ಇನ್ನೊಂದು ಆಯ್ಕೆ ತಮ್ಮ ಬೀದಿಯ ದರ್ಜಿ. ಅವನು ಎರಡನೇ ಟ್ರಯಲ್‌ಗೆ ಮುಂದಿನ ವಾರ ಬನ್ನಿ ಎನ್ನಬಲ್ಲ, ಹೊಲಿಗೆಯೊಳಗೆ ಬಟ್ಟೆ ಬಿಟ್ಟು ಮೂರು ವರ್ಷದ ಮೇಲೆ ಹೊಟ್ಟೆ ಬಂದಾಗ ಬಿಡಿಸಿಕೊಡಬಲ್ಲ. ಪ್ರವಾಸ ಬರಹಗಾರರು ಈ ಹೋಲಿಕೆ ಮಾಡುವುದೇ ಇಲ್ಲ. ಮಾಡಿದರೆ ಹೊಯಿ ಆನ್ ಗೆಲ್ಲುವುದಿಲ್ಲವೆಂದು ನನ್ನ ದೃಢವಾದ ನಂಬಿಕೆ. ಎರಡನೆಯ ಮಾತು, ಅಲ್ಲಿ ಸೂಟಿನ ಗುಣಮಟ್ಟಕ್ಕೆ ಗುರುತುಗಳಿವೆ ಎಂಬುದು: ಲ್ಯಾಪೆಲ್ ಅಂಚಿನಲ್ಲಿ ಕೈಹೊಲಿಗೆಯ ಚುಕ್ಕಿ, ಬಣ್ಣದ ಲೈನಿಂಗ್, ಒಳಗೆ ಹೆಸರಿನ ಕಸೂತಿ, ತೋಳಿನ ತುದಿಯಲ್ಲಿ ನಿಜವಾಗಿ ಬಿಚ್ಚುವ ಗುಂಡಿಗಳು. ಕೊನೆಯದನ್ನೇ ನೋಡಿ. ತೋಳಿನ ತುದಿಗೆ ಕಾಜು ಕತ್ತರಿಸಿದ ಮೇಲೆ ಆ ಕಡೆಯಿಂದ ಉದ್ದ ತಿದ್ದಲು ಬರುವುದಿಲ್ಲ. ತಿದ್ದಲೇಬೇಕೆಂದರೆ ಭುಜದಿಂದ ಬಿಚ್ಚಬೇಕು. ಅಳತೆ ಪಕ್ಕಾ ಆದ ಮೇಲೆ ಕೊನೆಗೆ ಮಾಡುವ ಕೆಲಸವನ್ನು, ಅಳತೆ ಪಕ್ಕಾ ಆಗುವ ಮೊದಲೇ ಅಲಂಕಾರವಾಗಿ ಮಾಡಲಾಗುತ್ತಿದೆ. ಅದನ್ನು ಹೊಗಳಿ ಬರೆಯುವವರಿಗೆ ಈ ಕ್ರಮ ಯಾಕಿದೆ ಎಂದು ಕೇಳುವ ವ್ಯವಧಾನವಿರಬೇಕಿತ್ತು.

ಇನ್ನೊಂದು ಕಡೆ ಇಂಗ್ಲಿಷ್ ದರ್ಜಿಗಾರಿಕೆಯ ಕಟ್ಟಾ ಅಭಿಮಾನಿಗಳಿದ್ದಾರೆ. ಅವರ ತೀರ್ಪೂ ನನ್ನದೂ ಮೇಲ್ನೋಟಕ್ಕೆ ಒಂದೇ, ಕಾರಣ ಮಾತ್ರ ಬೇರೆ, ಮತ್ತು ಅವರ ಕಾರಣ ನನಗೆ ಒಪ್ಪಿಗೆಯಿಲ್ಲ. ಮೆಷಿನ್ ಹೊಲಿಗೆ ಕಂಡರೆ ಅವರು ಮುಖ ತಿರುಗಿಸುತ್ತಾರೆ. ಸಾವಿಲ್ ರೋನಲ್ಲೂ ಉದ್ದನೆಯ ನೇರ ಹೊಲಿಗೆಗಳು ಮೆಷಿನ್ನಿನಲ್ಲೇ ಬೀಳುತ್ತವೆ. ಅಲ್ಲಿನ ದರ್ಜಿಗಳ ಸಂಘ ಒಂದು ಸೂಟಿಗೆ ಕನಿಷ್ಠ 50 ಗಂಟೆಯ ಕೈಕೆಲಸ ಎಂದು ಹೇಳುವಾಗ ಆ ಗಂಟೆಗಳು ಹೋಗುವುದು ಎದೆಯೊಳಗಿನ ಕ್ಯಾನ್ವಾಸಿಗೆ, ಕಾಲರಿಗೆ, ತೋಳಿಗೆ, ಕಾಜಿಗೆ. ಆ ಅಭಿಮಾನಿಗಳ ಮಾತಿನಲ್ಲಿ ಪೂರ್ವದ ಕೈಗಳಿಗೆ ಈ ಕೆಲಸ ಬಾರದೆಂಬ ಧ್ವನಿಯೂ ಇರುತ್ತದೆ. ಹಾಂಗ್‌ಕಾಂಗ್‌ನ ಶಾಂಘೈ ಪರಂಪರೆಯ ದರ್ಜಿಗಳ ಕೋಟನ್ನು ಒಮ್ಮೆಯಾದರೂ ತೊಟ್ಟವರು ಹಾಗೆ ಹೇಳಲಾರರು. ಹೊಯಿ ಆನ್‌ನಿಂದ ಬಂದ ಕೋಟುಗಳನ್ನು ಸ್ನೇಹಿತರಿಂದ ಇಸಿದುಕೊಂಡು ಒಳಗೆಲ್ಲ ನೋಡಿದ್ದೇನೆ. ಹೊಲಿಗೆ ನೇರವಿದೆ, ಜೇಬುಗಳು ಅಚ್ಚುಕಟ್ಟಾಗಿವೆ. ಅದು ಕಲಿತ ಕೈಯ ಕೆಲಸ. ಎದೆಯೊಳಗೆ ಮಾತ್ರ ಕೈಹೊಲಿಗೆಯಲ್ಲಿ ಹಿಡಿದ ಕುದುರೆಕೂದಲಿನ ಕ್ಯಾನ್ವಾಸಿನ ಬದಲು ಇಸ್ತ್ರಿಯ ಬಿಸಿಗೆ ಅಂಟಿಸಿದ ಪೇಸ್ಟಿಂಗ್. ಅಂಟಿಸಲು ನಿಮಿಷಗಳು ಸಾಕು, ಹೊಲಿಯಲು ಗಂಟೆಗಳು ಬೇಕು. ಅಂಟು ಸರಿಯಾಗಿ ಹಿಡಿಯದಿದ್ದರೆ ಡ್ರೈಕ್ಲೀನಿಂಗ್ ಆದ ಮೇಲೆ ಎದೆಯ ಮೇಲೆ ಗುಳ್ಳೆ ಏಳುತ್ತದೆ. ಆ ಹೊತ್ತಿಗೆ ಹೊಗಳಿಕೆಯ ಬರಹ ಅಚ್ಚಾಗಿ ಬಹಳ ಕಾಲವಾಗಿರುತ್ತದೆ, ಯಾರೂ ಅದನ್ನು ತಿದ್ದುವುದಿಲ್ಲ.

ಹೊಯಿ ಆನ್ ಪರ ಕೇಳಿಬರುವ ಇನ್ನೊಂದು ಸಮರ್ಥನೆ, ಸ್ಥಳೀಯ ಕುಶಲಕರ್ಮಿಗಳಿಗೆ ಬೆಂಬಲ ಎಂಬುದು, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಪ್ರವಾಸಿ ನೋಡುವುದು ಅಳತೆ ತೆಗೆಯುವ, ಇಂಗ್ಲಿಷ್ ಮಾತಾಡುವ ಹುಡುಗಿಯನ್ನು. ಹೊಲಿಗೆ ನಡೆಯುವುದು ಬಹುಪಾಲು ಬೇರೆಡೆ, ಬೀದಿಯಿಂದ ದೂರದ ವರ್ಕ್‌ಶಾಪುಗಳಲ್ಲಿ, ಮನೆಗಳಲ್ಲಿ. ಮರುದಿನ ಮಧ್ಯಾಹ್ನಕ್ಕೆ ಸೂಟು ಬೇಕೆಂದರೆ ಆ ಜನ ರಾತ್ರಿ ಕೂತೇ ಹೊಲಿಯಬೇಕು. ಕಟರ್‌ಗೆ ಗಿರಾಕಿಯ ಮೈ ನೋಡಲು ಸಿಗುವುದಿಲ್ಲ, ಚೀಟಿಯಲ್ಲಿ ಬರೆದ ಅಂಕಿಗಳು ಸಿಗುತ್ತವೆ. ಮೈ ಓದುವುದೇ ಅವನ ವಿದ್ಯೆ. ಅದನ್ನು ತೋರಿಸಲು ಅವಕಾಶವನ್ನೇ ಕೊಡದೆ ಕಲೆಗೆ ಬೆಂಬಲ ಕೊಟ್ಟೆವೆಂದು ಹೇಳಿಕೊಳ್ಳುವುದು ಅವನಿಗೆ ಮಾಡುವ ಅನ್ಯಾಯ.

ಅದೇ ಊರಿನಲ್ಲಿ ಒಂದೆರಡು ದಿನದಲ್ಲಿ ಚೆನ್ನಾಗಿ ಆಗುವ ಕೆಲಸಗಳೂ ಇವೆ. ಶರಟು, ಲಿನನ್ ಪ್ಯಾಂಟು, ಕ್ಯಾನ್ವಾಸಿಲ್ಲದ ತೆಳು ಜಾಕೆಟ್ಟು, ವಿಯೆಟ್ನಾಂ ಹೆಂಗಸರ ಉದ್ದ ನಿಲುವಂಗಿ ಆವ್ ಝಾಯ್. ಒಳಗೆ ಏನನ್ನೂ ಕಟ್ಟಿ ನಿಲ್ಲಿಸಬೇಕಿಲ್ಲದ ಬಟ್ಟೆಗಳಿವು, ಕತ್ತರಿ ಸರಿಯಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಸೂಟೇ ಬೇಕೆನ್ನುವವರು ಊರಿಗೆ ಕಾಲಿಟ್ಟ ದಿನವೇ ಅಳತೆ ಕೊಟ್ಟು, ಲೈನಿಂಗ್ ಹಾಕುವ ಮೊದಲು ಕಚ್ಚಾ ಹೊಲಿಗೆಯಲ್ಲಿ ಒಂದು ಟ್ರಯಲ್ ಕೇಳಬೇಕು, ಅದರಿಂದಾಚೆ ಐದಾರು ದಿನ ಬಿಡಬೇಕು. ಆರ್ಮ್‌ಹೋಲ್ ಬಿಗಿಯಾಗಿಯೇ ಇರಲಿ, ಆಮೇಲೆ ಇಳಿಸೋಣ ಎನ್ನಬೇಕು. ತೋಳಿನ ಕಾಜು ಈಗಲೇ ಕತ್ತರಿಸಬೇಡಿ ಎಂದೂ ಹೇಳಬೇಕು. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಶರಟು ಹೊಲಿಸಿಕೊಂಡು ಬರಬಹುದು.