ವಿದ್ರುಮಶಬ್ದವೂ ಅದರ ವ್ಯಾಖ್ಯಾನವೂ

ಕುಮಾರಸಂಭವದ ಪ್ರಥಮ ಸರ್ಗದಲ್ಲಿ ಕಾಳಿದಾಸನು ಪಾರ್ವತಿಯ ಮಂದಹಾಸವನ್ನು ವರ್ಣಿಸುತ್ತ, ಚಿಗುರಿನ ಮೇಲಿರಿಸಿದ ಹೂವನ್ನೂ ನಿರ್ಮಲವಾದ ಹವಳದ ಮೇಲಿರಿಸಿದ ಮುತ್ತನ್ನೂ ಉಪಮಾನಗಳಾಗಿ ಕಲ್ಪಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಲ್ಲಿ ಚಿಗುರಿಗೆ ಪ್ರವಾಲವೆಂದೂ ಹವಳಕ್ಕೆ ವಿದ್ರುಮವೆಂದೂ ಕವಿಯ ಪ್ರಯೋಗ. ಪ್ರವಾಲಶಬ್ದವು ಚಿಗುರು, ಹವಳ ಎಂಬೆರಡು ಅರ್ಥಗಳಲ್ಲಿಯೂ ರೂಢವಾದುದು. ಕನ್ನಡದ ಪವಳ, ಹವಳ ಎಂಬ ರೂಪಗಳೂ ಅದರಿಂದಲೇ ಬಂದವು. ಶ್ಲೇಷಪ್ರಿಯನಾದ ಬೇರೊಬ್ಬ ಕವಿಯಾಗಿದ್ದರೆ ಈ ಅವಕಾಶವನ್ನು ಬಿಡುತ್ತಿರಲಿಲ್ಲ. ಕಾಳಿದಾಸನು ಬಿಟ್ಟನು. ನೆಲದ ಮರಕ್ಕೆ ಒಂದು ಶಬ್ದವನ್ನೂ ಕಡಲಿನ 'ವಿಶಿಷ್ಟವಾದ ದ್ರುಮ'ಕ್ಕೆ ಮತ್ತೊಂದು ಶಬ್ದವನ್ನೂ ಇಟ್ಟು, ಎರಡು ಲೋಕಗಳನ್ನು ಬೇರ್ಪಡಿಸಿ ತೋರಿಸಿದುದರಲ್ಲಿಯೇ ಅವನ ಔಚಿತ್ಯಪ್ರಜ್ಞೆ ಇರುವುದು.

ಆದರೆ ಈ ಶ್ಲೋಕವನ್ನು ಪಾಠ ಹೇಳುವವರ ಕಷ್ಟವು ಬೇರೆ. ಮರಿಯಮ್ಮನಹಳ್ಳಿಯಂತಹ ಒಳನಾಡಿನ ಊರಿನಲ್ಲಿ, ತುಂಗಭದ್ರಾ ಜಲಾಶಯದ ನೀರನ್ನಲ್ಲದೆ ಸಮುದ್ರವನ್ನು ಕಂಡರಿಯದ ವಿದ್ಯಾರ್ಥಿಗೆ ವಿದ್ರುಮವೆಂದರೇನೆಂದು ಹೇಳಬೇಕು? ಕೆಲವರು ಕಲ್ಲೆನ್ನುವರು; ಕೆಲವರು ವ್ಯುತ್ಪತ್ತಿಯನ್ನು ನೆಚ್ಚಿ ಕಡಲಗಿಡವೆನ್ನುವರು. ಎರಡನೆಯ ಭ್ರಾಂತಿಯನ್ನು ಹಾಸ್ಯಮಾಡುವುದು ಸಲ್ಲದು. 1706ರಲ್ಲಿ ಇಟಲಿಯ ಮಾರ್ಸಿಲಿಯು ಹವಳದ ಮೇಲೆ ಅರಳಿದುದನ್ನು ಕಂಡು ಹೂವೆಂದೇ ತಿಳಿದನು. ಆ ಹೂವು ಪ್ರಾಣಿಯೆಂದು ಕೆಲವು ವರ್ಷಗಳ ಮೇಲೆ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಸಾಧಿಸಹೊರಟಾಗ ಪಂಡಿತರು ಸುಲಭವಾಗಿ ಒಪ್ಪಲಿಲ್ಲ.

ಪ್ರಾಣಿಯೆಂದು ಒಪ್ಪಿದವರಿಗೂ ಒಂದು ಸಂದೇಹ ಉಳಿಯುತ್ತದೆ. ಬಂಡೆಗೆ ಅಂಟಿದ ಪ್ರಾಣಿಯು ಸಾಗರಗಳನ್ನು ದಾಟಿ ಹೇಗೆ ಹಬ್ಬಿತು? ಸಂಚಾರವೆಲ್ಲ ಅದರ ಶೈಶವದಲ್ಲಿ. ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ ಅನೇಕ ಜಾತಿಯ ಹವಳಗಳು ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಒಮ್ಮೆಗೇ ಅಂಡಶುಕ್ರಗಳನ್ನು ನೀರಿಗೆ ಬಿಡುವುವೆಂಬ ಸಂಗತಿ 1984ರಲ್ಲಿ ವಿಸ್ತಾರವಾಗಿ ಪ್ರಕಟವಾಯಿತು. ಚಂದ್ರೋದಯಕ್ಕೆ ಸಮುದ್ರವನ್ನು ಉಕ್ಕಿಸಿದ ನಮ್ಮ ಕವಿಗಳಿಗೆ ಈ ಒಂದು ಸಂಗತಿ ಮಾತ್ರ ದೊರೆಯದೆ ಹೋಯಿತು! ಹುಟ್ಟಿದ ಡಿಂಭಗಳು ಪ್ರವಾಹದಲ್ಲಿ ತೇಲಿ, ಹೆಚ್ಚಿನವು ಕೆಲವು ದಿನಗಳಲ್ಲಿಯೇ ಸಮೀಪದಲ್ಲಿ ನೆಲೆಯೂರುವುವು. ಕೆಲವು ಜಾತಿಗಳ ಡಿಂಭಗಳು ನೂರು ದಿನಗಳಿಗೂ ಮೀರಿ ನೆಲೆಯೂರುವ ಶಕ್ತಿಯನ್ನು ಉಳಿಸಿಕೊಂಡಿರುವುದುಂಟು. ಹಾಗಿದ್ದರೂ ಪೂರ್ವ ಶಾಂತಸಾಗರದ ದ್ವೀಪರಹಿತವಾದ ಸಾವಿರಾರು ಮೈಲಿಗಳ ವಿಸ್ತಾರವನ್ನು ದಾಟುವುದು ದುಷ್ಕರ. ಅದರ ಎರಡು ಕಡೆಗಳ ಒಂದೇ ಜಾತಿಯ ಹವಳದ ವಂಶವಾಹಿಗಳನ್ನು ಪರೀಕ್ಷಿಸಿದವರು ಬಹುಮಟ್ಟಿಗೆ ಭೇದವನ್ನೇ ಕಂಡರು.

ಇಲ್ಲಿ ಹೇತುವನ್ನು ಎಚ್ಚರದಿಂದ ಶೋಧಿಸಬೇಕು. ಎರಡು ದಿಬ್ಬಗಳ ಹವಳಗಳಲ್ಲಿ ವಂಶಸಾಮ್ಯವು ಕಂಡಮಾತ್ರಕ್ಕೆ ಅವುಗಳ ನಡುವೆ ನಿತ್ಯವೂ ಸಂಚಾರವಿದೆಯೆಂದು ಸಿದ್ಧವಾಗದು. ಒಂದು ತಲೆಮಾರಿಗೆ ಕೆಲವೇ ಡಿಂಭಗಳು ಬಂದು ಸೇರಿದರೂ ಆ ಸಾಮ್ಯ ಉಳಿಯುವುದು. ಸತ್ತ ದಿಬ್ಬವನ್ನು ಮತ್ತೆ ತುಂಬುವುದಕ್ಕಾದರೋ ಅಷ್ಟು ಸಾಲದು. ಶಬ್ದಸಾಮ್ಯವನ್ನು ಕಂಡೊಡನೆ ಜನಗಳ ನಿತ್ಯವ್ಯವಹಾರವನ್ನು ಊಹಿಸುವ ಭಾಷಾಶೋಧಕರಲ್ಲಿಯೂ ಇದೇ ಹೇತ್ವಾಭಾಸ ಆಗಾಗ ಕಾಣುವುದು. 1998ರಲ್ಲಿ ನೀರು ಕಾದು ಲಕ್ಷದ್ವೀಪದ ಹವಳವು ಬಿಳುಪೇರಿ ಬಹುಪಾಲು ಸತ್ತಾಗ ಈ ವಿವೇಕ ಕೇವಲ ತರ್ಕದ್ದಾಗಿ ಉಳಿಯಲಿಲ್ಲ. ನೆರೆಯಿಂದ ಡಿಂಭಗಳು ಬರುವುವೇ, ಅಳಿದುಳಿದ ಹವಳಗಳೇ ಸಂತತಿಯನ್ನು ಬೆಳೆಸಬೇಕೇ ಎಂಬುದರ ಮೇಲೆ ಆ ದ್ವೀಪಗಳ ನೆಲೆ ನಿಂತಿದೆ; ಹವಳವೇ ಅವುಗಳ ನೆಲ.

ಇನ್ನು ಕನ್ನಡನಾಡಿನ ಮಾತು. 16ನೆಯ ಶತಮಾನದ ಆದಿಯಲ್ಲಿ ಪೋರ್ತುಗೀಸನಾದ ಬಾರ್ಬೋಸಾ ಭಟ್ಕಳಕ್ಕೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನೂ ಹೇಳಿದ್ದಾನೆ. ವಿಜಯನಗರಕ್ಕೆ ಪಡುವಣ ಕಡಲಿನ ಸರಕು ಏರುತ್ತಿದ್ದ ಬಂದರುಗಳಲ್ಲಿ ಅದೊಂದು. ಆಭರಣಕ್ಕೆ ಸಲ್ಲುವ ಆ ಕೆಂಪು ಹವಳದ ತವರು ಮೆಡಿಟರೇನಿಯನ್ ಸಮುದ್ರ. ಕೌಟಿಲ್ಯನು ಹೇಳುವ ಆಲಕಂದಕವೆಂಬ ಪ್ರವಾಲವನ್ನು ಅಲೆಕ್ಸಾಂಡ್ರಿಯಕ್ಕೆ ಸಂಬಂಧಿಸಿ ಹಲವರು ವ್ಯಾಖ್ಯಾನಿಸಿರುವರು. ವಿಚಿತ್ರವೇನೆಂದರೆ, ಈ ಕೆಂಪು ಹವಳವು ತನ್ನ ಡಿಂಭಗಳನ್ನು ಒಡಲಲ್ಲಿಯೇ ಪೋಷಿಸಿ ಬಿಡುವುದು. ಅವು ತಾಯಿಯ ಬಳಿಯಲ್ಲಿಯೇ ನೆಲಸುವುದರಿಂದ, ಕೆಲವೇ ಮಾರುಗಳ ಅಂತರದಲ್ಲಿಯೂ ವಂಶಭೇದ ತೋರುವುದುಂಟು. ಸಂತತಿಯಿಂದ ಅಷ್ಟು ಹತ್ತಿರವೇ ಉಳಿಯುವ ಈ ಹವಳವನ್ನು ವರ್ತಕರ ಹಡಗು ಭಟ್ಕಳಕ್ಕೆ ತಂದಿತು.

ಅದೇ ಭಟ್ಕಳದ ಸೀಮೆಯಲ್ಲಿ, ಮುರುಡೇಶ್ವರದ ಎದುರಿಗೆ ಕಡಲೊಳಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳವು ತಾನಾಗಿಯೇ ಬೆಳೆಯುತ್ತಿದೆ. ಮುಂಗಾರಿನಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ತಿರುಗುವ ಕರಾವಳಿಯ ಪ್ರವಾಹವು ಅದನ್ನು ಬಳಸಿ ಹರಿಯುವುದು. ಕನ್ನಡದಲ್ಲಿ ಎರಡಕ್ಕೂ ಹವಳವೆಂದೇ ಹೆಸರು. ಅಧ್ಯಾಪಕರು ಚಿತ್ರವನ್ನು ತೋರಿಸುವಾಗ ತಪ್ಪುವುದು ಇಲ್ಲಿಯೇ. ನೇತ್ರಾಣಿಯದು ದಿಬ್ಬವನ್ನು ಕಟ್ಟುವ ವರ್ಗದ ಹವಳ; ಜೀವ ಕಳೆದ ಮೇಲೆ ಉಳಿಯುವುದು ಸುಣ್ಣದ ಬಿಳಿಯ ಕಲ್ಲು. ಅದರ ಮೇಲೆ ಮುತ್ತನ್ನಿಟ್ಟರೆ ಬಿಳುಪಿನಲ್ಲಿ ಬಿಳುಪು ಅಡಗಿ, ಕೆಂದುಟಿಯ ಮೇಲಣ ನಗೆಗೆ ಉಪಮಾನವೇ ಇಲ್ಲದಂತಾಗುವುದು.