ನಿತ್ಯೋತ್ಸವದ ಕ್ಯಾಸೆಟ್ಟೂ ನಮ್ಮವ್ವನ ಕೂಲಿಯೂ

ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ನಿಸಾರ್ ಅಹಮದರ ‘ನಿತ್ಯೋತ್ಸವ’ ಸಂಕಲನ ಮರುವರ್ಷ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ನಿಸಾರರ ಹಾಡುಗಳು ಕ್ಯಾಸೆಟ್ಟಾದವು. ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ ಅದು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅಂದಿನಿಂದ ನಮ್ಮ ಗೆಳೆಯರಿಗೆ ‘ನಿತ್ಯೋತ್ಸವ’ ಎಂದರೆ ಹೊಟ್ಟೆ ತುಂಬಿದವರ ಪ್ರಕೃತಿ ವರ್ಣನೆ. ನವೆಂಬರ್ ಒಂದನೇ ತಾರೀಕು ಮೇಷ್ಟ್ರುಗಳು ಮಕ್ಕಳ ಕೈಲಿ ಹಾಡಿಸಿ ಹಾಡಿಸಿ ಸವೆಸಿದ ಸರಕು.

ಕೊಪ್ಪದ ಕಡೆ ಅಡಿಕೆ ತೋಟದಲ್ಲಿ ಕೂಲಿ ಮಾಡಿದ ನಮ್ಮವ್ವ ಈ ಕ್ಯಾಸೆಟ್ಟನ್ನು ಮೂರು ಸಲ ಕೊಂಡಳು. ಮೊದಲನೆಯದು ಕೊಪ್ಪದಲ್ಲಿ, ಒಂದು ದಿನದ ಕೂಲಿ ಕೊಟ್ಟು. ಆಸ್ಪತ್ರೆ ಖರ್ಚಿಗೆ ಟೇಪ್ ರೆಕಾರ್ಡರ್ ಮಾರಿದಾಗ ಅದರ ಹೊಟ್ಟೆಯಲ್ಲೇ ಹೋಯಿತು. ಮುಂದೆ ಒಂದು ಹಳೇ ಟೇಪ್ ರೆಕಾರ್ಡರ್ ಮನೆಗೆ ಬಂತು. ಎರಡನೇ ಕ್ಯಾಸೆಟ್ಟು ಶೃಂಗೇರಿಯ ಬೀದಿಬದಿಯಲ್ಲಿ ಸಿಕ್ಕಿತು. ಮಲೆನಾಡಿನ ಮಳೆ ಗೊತ್ತಲ್ಲ, ಸೋರುವ ಮನೇಲಿ ಬೂಷ್ಟು ಹಿಡಿಯಿತು. ಅದರ ಕರೀ ಪಟ್ಟಿ ಬಿಚ್ಚಿ, ಹಕ್ಕಿ ಬೆದರಿಸೋಕೆ ಅಂತ ಯಾರದೋ ಗದ್ದೆಗೆ ಕಟ್ಟಿದರು. ಮೂರನೆಯದು ನರಸಿಂಹರಾಜಪುರದಲ್ಲಿ; ಕ್ಯಾಸೆಟ್ಟಿನ ಕಾಲವೇ ಮುಗಿದು ಅಂಗಡಿಯವನು ಗುಡ್ಡೆ ಹಾಕಿ ಮಾರುತ್ತಿದ್ದ.

ಇದನ್ನು ‘ಮೋಸ ಹೋದ ಮನಸ್ಸು’ ಅಂತ ಷರಾ ಬರೆದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ.

ಶೀರ್ಷಿಕೆ ಗೀತೆಯನ್ನೇ ನೋಡಿ. ಜೋಗ, ತುಂಗೆ, ಸಹ್ಯಾದ್ರಿಯ ಅದಿರು, ತೇಗ, ಗಂಧ. ನಿಸಾರರು ಭೂವಿಜ್ಞಾನದ ಮೇಷ್ಟ್ರು, ಶಿವಮೊಗ್ಗದಲ್ಲಿ ಪಾಠ ಮಾಡಿದವರು. ಅದಿರು ಕಣ್ಣಿಗೆ ಬಿತ್ತು, ಅಗೆದವನು ಬೀಳಲಿಲ್ಲ. ಆಮೇಲೆ ಸಿಂಹಾಸನ, ಶಾಸನ, ದೇಗುಲದ ಗೋಡೆ. ಆ ಗೋಡೆಯಾಚೆ ನಿಲ್ಲಿಸಲ್ಪಟ್ಟವರ ಸುದ್ದಿ ಇಲ್ಲ. ಅವ್ವನಿಗೆ ಇದು ಗೊತ್ತಿಲ್ಲವೆ? ಗಂಧದ ಮಾತು ಬಂದಾಗಲೆಲ್ಲ ನಗುತ್ತಿದ್ದಳು: “ಗಂಧ ಅಂತೆ ಗಂಧ! ನಾವು ಒಣಸೌದೆ ಹೊತ್ರೂ ಗಾರ್ಡು ಅಡ್ಡ ನಿಲ್ತಿದ್ದ.” ಟಿಪ್ಪು ಕಾಲದಿಂದ ಗಂಧ ಆಳುವವರ ಮರ; ಸ್ವಂತ ಜಮೀನಿನಲ್ಲಿ ಬೆಳೆದದ್ದೂ 2001ರ ಕಾನೂನು ತಿದ್ದುಪಡಿಯವರೆಗೆ ಸರ್ಕಾರದ್ದೇ. ಜಮೀನೇ ಇಲ್ಲದವರ ಮಾತು ಬಿಡಿ.

ನಕ್ಕು, ಮತ್ತೆ ಕೇಳುತ್ತಿದ್ದಳು. ಅನಂತಸ್ವಾಮಿಯವರ ಮಟ್ಟು ರಾತ್ರಿ ಅಡಿಕೆ ಸುಲಿಯುತ್ತಾ ಹತ್ತು ಹೆಂಗಸರು ಒಟ್ಟಿಗೆ ಗುನುಗುವಷ್ಟು ನೇರ. ಅದಕ್ಕಿಂತ ದೊಡ್ಡದು ಕೊನೆಯ ನುಡಿ. ಅಲ್ಲಿ ಹಾಡು ಕುಲದ ಲೆಕ್ಕವನ್ನೇ ಕೈಬಿಡುತ್ತದೆ. ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಬರೆದ ಕವಿ ಇವರೇ ಎಂಬುದನ್ನು ನಮ್ಮ ವಿಮರ್ಶಕರು ಮರೆಯುತ್ತಾರೆ. ಅನುಮಾನದ ಕಣ್ಣುಗಳ ನಡುವೆ ಬಾಳುವ ಕಷ್ಟ ಬಲ್ಲ ಮುಸಲ್ಮಾನರೊಬ್ಬರು ತುಂಗೆಯನ್ನೂ ದೇಗುಲವನ್ನೂ ತನ್ನವೆಂದು ಹಾಡಿದರೆ ಅದಕ್ಕೆ ಹಕ್ಕೊತ್ತಾಯದ ದನಿ ಬರುತ್ತದೆ. ಶೃಂಗೇರಿಯಲ್ಲಿ ಮಠದ ಮಗ್ಗುಲಲ್ಲೇ ಹರಿಯುವ ಆ ತುಂಗೆಯನ್ನು ಗುಂಟೆ ನೆಲವಿಲ್ಲದ ಹೆಂಗಸು ಕೂಲಿ ದುಡ್ಡಲ್ಲಿ ಮನೆಗೆ ತಂದುಕೊಂಡಳು. ಹಾಡು ಬಿಟ್ಟುಹೋದ ಜಾಗದಲ್ಲಿ ತಾನೇ ಹೋಗಿ ಕೂತಳು. ಹಾಡಿನ ಕೊರತೆ ಇದರಿಂದ ತುಂಬಲಿಲ್ಲ, ಅದು ಬೇರೆ ವಿಷಯ.

ಸಿದ್ಧಲಿಂಗಯ್ಯನವರ ಹಾಡುಗಳನ್ನು ಆಕೆ ಒಂದು ಜಾಥಾದಲ್ಲಿ ಕೇಳಿದ್ದಳು. ಅವುಗಳ ಕ್ಯಾಸೆಟ್ಟು ಐತಾ ಅಂತ ಮೂರೂ ಊರಿನ ಅಂಗಡಿಗಳಲ್ಲಿ ಕೇಳಿದಳು. ಎಲ್ಲೂ ಇರಲಿಲ್ಲ. ಅದನ್ನೂ ಮೂರು ಸಲ ಕೊಳ್ಳುತ್ತಿದ್ದಳೋ ಏನೋ, ಒಂದು ಸಲವಾದರೂ ಸಿಗಬೇಕಿತ್ತಲ್ಲ.