ನಲವತ್ತಮೂರರಲ್ಲಿ ನಂಬರ್ ಒನ್

ಕ್ರೊವೇಷಿಯಾದ ಗೊರಾನ್ ಇವಾನಿಸೆವಿಚ್ 2001ರಲ್ಲಿ ವಿಂಬಲ್ಡನ್‌ಗೆ ಬಂದಾಗ ರ್‍ಯಾಂಕಿಂಗ್ 125. ವೈಲ್ಡ್ ಕಾರ್ಡ್ ಕೊಟ್ಟಿದ್ದರಿಂದ ಆಡಿದರು. ಅದಕ್ಕೆ ಮೊದಲು ಮೂರು ಸಲ ಅಲ್ಲಿಯೇ ಫೈನಲ್ ಸೋತಿದ್ದ ಈ ಎಡಗೈ ಸರ್ವ್‌ನ ಧಣಿ, ಪ್ಯಾಟ್ ರಾಫ್ಟರ್ ಅವರನ್ನು ಐದನೇ ಸೆಟ್‌ನಲ್ಲಿ 9-7ರಿಂದ ಮಣಿಸಿ ಕಪ್ ಎತ್ತಿದರು. ತಡವಾಗಿ ಫಲ ಕೊಟ್ಟ ಇಂಥದೇ ಒಂದು ಸರ್ವ್ ನಮ್ಮಲ್ಲೂ ಇತ್ತು. ಕಾವೇರಿ ಹುಟ್ಟುವ ಕೊಡಗಿನದು.

ರೋಹನ್ ಬೋಪಣ್ಣ ಕಾಫಿ ಬೆಳೆಗಾರರ ಮಗ. ಎತ್ತರದ ಆಳು, ಸಿಡಿಯುವ ಸರ್ವ್, ಒಂಟಿ ಕೈಯ ಬ್ಯಾಕ್‌ಹ್ಯಾಂಡ್. ಇಷ್ಟಿದ್ದೂ ಸಿಂಗಲ್ಸ್‌ನಲ್ಲಿ ದೊಡ್ಡ ಹೆಸರಾಗಲಿಲ್ಲ. ಡಬಲ್ಸ್‌ನಲ್ಲಿ ಓಡಬೇಕಾದ ಅಂಗಳ ಅರ್ಧ. ಮೊದಲ ಸರ್ವ್ ಸರಿಯಾಗಿ ಬಿದ್ದರೆ ನೆಟ್ ಬಳಿ ನಿಂತ ಜೊತೆಗಾರ ಉಳಿದದ್ದನ್ನು ಮುಗಿಸುತ್ತಾನೆ. ಅವರ ಆಟಕ್ಕೆ ಹೇಳಿ ಮಾಡಿಸಿದ ಜಾಗ ಅದು.

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿದರು. ಬ್ರಯಾನ್ ಸಹೋದರರು ಎರಡೂ ಸೆಟ್ ಟೈಬ್ರೇಕರ್‌ನಲ್ಲಿ ಕಿತ್ತುಕೊಂಡರು.

ಟೈಬ್ರೇಕರ್ ನೋಡುವ ರುಚಿ ಇದ್ದವರು ಎರಡು ಮಿಶ್ರ ಡಬಲ್ಸ್ ಫೈನಲ್‌ಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2017ರ ಫ್ರೆಂಚ್ ಓಪನ್‌ನಲ್ಲಿ ಕೆನಡಾದ ಗೇಬ್ರಿಯೆಲಾ ಡಾಬ್ರೊವ್‌ಸ್ಕಿ ಜೊತೆ ಆಡಿದ ಬೋಪಣ್ಣ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 12-10ರಲ್ಲಿ ಗೆದ್ದರು. ಅವರ ಮೊದಲ ಗ್ರ್ಯಾನ್ ಸ್ಲಾಮ್. ಮರುವರ್ಷ ಮೆಲ್ಬರ್ನ್‌ನಲ್ಲಿ ಅದೇ ಡಾಬ್ರೊವ್‌ಸ್ಕಿ ಎದುರು ಅಂಗಳದಲ್ಲಿ, ಕ್ರೊವೇಷಿಯಾದ ಮಾಟೆ ಪಾವಿಚ್ ಜೊತೆ. ಈ ಸಲ ಬೋಪಣ್ಣ ಸೋತದ್ದು 9-11ರಿಂದ. ಒಂದೆರಡು ಪಾಯಿಂಟ್ ಅತ್ತಿತ್ತ ಆಗಿದ್ದರೆ ದಾಖಲೆ ಪುಸ್ತಕವೇ ಬೇರೆ.

ಮುಂದೆ ಮಂಡಿಯ ಮೃದ್ವಸ್ಥಿ ಸವೆಯಿತು. ನೋವಿನ ಮಾತ್ರೆ ನುಂಗಿ ಆಡುವ ಸ್ಥಿತಿ. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ, ಬಿಟ್ಟುಬಿಡುವ ಯೋಚನೆಯನ್ನೂ ಮಾಡಿದ್ದರು. ಕೈ ಹಿಡಿದದ್ದು ಅಯ್ಯಂಗಾರ್ ಯೋಗ, ಆಮೇಲೆ ಆಸ್ಟ್ರೇಲಿಯಾದ ಜೊತೆಗಾರ ಮ್ಯಾಥ್ಯೂ ಎಬ್ಡನ್. 2024ರ ಜನವರಿಯ ಕೊನೆಯ ವಾರದಲ್ಲಿ ಎಲ್ಲವೂ ಒಟ್ಟಿಗೆ ಬಂತು: ಡಬಲ್ಸ್ ನಂಬರ್ ಒನ್ ಪಟ್ಟ ಖಚಿತ, ಪದ್ಮಶ್ರೀ ಘೋಷಣೆ, 27ರಂದು ಬೊಲೆಲ್ಲಿ-ವಾವಸ್ಸೋರಿ ವಿರುದ್ಧ 7-6, 7-5ರಲ್ಲಿ ಆಸ್ಟ್ರೇಲಿಯನ್ ಓಪನ್. ಮೊದಲ ಸೆಟ್‌ನ ಟೈಬ್ರೇಕರ್ 7-0! ನಲವತ್ತಮೂರರ ವಯಸ್ಸಿನಲ್ಲಿ ಮೊದಲ ಬಾರಿಗೆ ನಂಬರ್ ಒನ್ ಆದವರು ಹಿಂದೆ ಯಾರೂ ಇರಲಿಲ್ಲ.

ಆದರೂ ಜನಪ್ರಿಯತೆಯ ವಿಷಯ ಬೇರೆ. ಮಂಡ್ಯ ಜಿಲ್ಲೆಯ ಮಾಕವಳ್ಳಿ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿ ನಿಲ್ಲಿಸಿಕೊಂಡವರು ಕ್ರಿಕೆಟ್ ತಂಡದ ಹನ್ನೊಂದೂ ಹೆಸರು ಹೇಳಿಯಾರು, ಬೋಪಣ್ಣ ಅಂದರೆ ಒಂದು ಕ್ಷಣ ಯೋಚಿಸಿಯಾರು. ತಪ್ಪು ಅವರದಲ್ಲ, ಟಿವಿಯವರೇ ಡಬಲ್ಸ್ ತೋರಿಸುವುದು ಅಪರೂಪ. ಅತ್ತ ಇವಾನಿಸೆವಿಚ್ ಕಪ್ ಗೆದ್ದು ಊರಿಗೆ ಮರಳಿದಾಗ ಸ್ಪ್ಲಿಟ್‌ನ ಬಂದರಿನ ತುಂಬ ಜನ ಸೇರಿದ್ದರು.

ಬೋಪಣ್ಣರ ಕೊನೆಯ ಪಂದ್ಯ 2025ರ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ನವೆಂಬರ್ 1ರಂದು ವಿದಾಯ ಹೇಳಿದರು. ಆ ಪಂದ್ಯವೂ ಹೋದದ್ದು ಟೈಬ್ರೇಕರ್‌ನಲ್ಲೇ, 8-10.